ಭುಜದ ನಕ್ಷತ್ರ, ಬೆಂಚಿನ ಮೇಲಿನ ಮನುಷ್ಯ



ಟಿ.ವಿ.ಯ ಪೊಲೀಸ್ ಕಥೆಗಳ ಬಗ್ಗೆ ರೇಡಿಯೋದಲ್ಲಿ ಮಾತಾಡಿ ಎಂದು ಕರೆ ಬಂದಾಗ ನನಗೆ ನಗು ಬಂತು. ಮನೆಯಲ್ಲಿ ಹೇಳಿದರೆ, "ನೋಡೋದನ್ನ ಕೇಳಿಸೋಕೆ ಹೊರಟಿದ್ದೀಯಾ?" ಅಂದರು. ಇರಲಿ, ಅದರಲ್ಲೂ ಒಂದು ಅನುಕೂಲ ಇದೆ. ಖಾಕಿ ಕಣ್ಣಿಗೆ ಬಿದ್ದ ಕೂಡಲೇ ಅದರೊಳಗಿನ ಮನುಷ್ಯ ನಮಗೆ ಕಾಣಿಸದೆ ಹೋಗುತ್ತಾನೆ, ಭುಜದ ಮೇಲಿನ ನಕ್ಷತ್ರ ಎಣಿಸಲು ಶುರುಮಾಡುತ್ತೇವೆ. ನಾನಂತೂ ಹುಡುಗಿಯಾಗಿದ್ದಾಗಲೇ ಈ ಲೆಕ್ಕ ಬಾಯಿಪಾಠ ಮಾಡಿಕೊಂಡಿದ್ದೆ. ಎರಡು ನಕ್ಷತ್ರ ಇದ್ದರೆ ಸಬ್ ಇನ್‌ಸ್ಪೆಕ್ಟರ್. ಮೂರು ನಕ್ಷತ್ರ, ಜೊತೆಗೆ ಕೆಂಪು ನೀಲಿ ಪಟ್ಟಿ ಇದ್ದರೆ ಇನ್‌ಸ್ಪೆಕ್ಟರ್. ಮೂರು ನಕ್ಷತ್ರ ಇದ್ದು ಪಟ್ಟಿ ಇಲ್ಲದಿದ್ದರೆ ಡಿವೈಎಸ್‌ಪಿ. ಅಶೋಕ ಲಾಂಛನ, ಅದರ ಕೆಳಗೊಂದು ನಕ್ಷತ್ರ ಬಂದರೆ ಎಸ್‌ಪಿ ಸಾಹೇಬರು. ರೇಡಿಯೋದಲ್ಲಿ ಈ ಎಣಿಕೆಗೆ ಅವಕಾಶವಿಲ್ಲ.

1989ರಲ್ಲಿ ನಮ್ಮ ಬೀದಿಗೆಲ್ಲ ಇದ್ದದ್ದು ಎರಡೇ ಟಿ.ವಿ. ಒಂದು ಅಂಗಡಿ ಶೆಟ್ಟರ ಮನೆಯದು, ಇನ್ನೊಂದು ಪಕ್ಕದ ಮನೆಯ ಟೀಚರಮ್ಮನದು. ಶೆಟ್ಟರ ಮನೆಯಲ್ಲಿ ಜನ ಜಾಸ್ತಿ. ಟೀಚರಮ್ಮನ ಮನೆಯಲ್ಲಿ ಜನ ಕಡಿಮೆ, ಅದಕ್ಕಿಂತ ಮುಖ್ಯವಾಗಿ ಅವರು ಹಿಂದಿ ರಾಷ್ಟ್ರಭಾಷಾ ಪರೀಕ್ಷೆ ಪಾಸು ಮಾಡಿದವರು. ದೂರದರ್ಶನದ ಹಿಂದಿ ಧಾರಾವಾಹಿಗಳು ನಮಗೆ ಕನ್ನಡದಲ್ಲಿ ಸಿಕ್ಕಿದ್ದು ಅವರ ಬಾಯಿಂದ. ಬಾಯಲ್ಲಿ ಎಲೆ ಅಡಿಕೆ ಇದ್ದಾಗ ಅನುವಾದ ಸ್ವಲ್ಪ ತಡವಾಗುತ್ತಿತ್ತು, ಅಷ್ಟೇ.

ಹಾಗೆ ನೋಡಿದ್ದು 'ಉಡಾನ್'. ಉಡಾನ್ ಎಂದರೆ ಹಾರಾಟ. ಕಲ್ಯಾಣಿ ಸಿಂಗ್ ಎಂಬ ಹುಡುಗಿ ಐಪಿಎಸ್ ಅಧಿಕಾರಿಯಾಗುವ ಕಥೆ. ಬರೆದವರು, ನಿರ್ದೇಶಿಸಿದವರು, ದೊಡ್ಡ ಕಲ್ಯಾಣಿಯಾಗಿ ನಟಿಸಿದವರು ಎಲ್ಲಾ ಒಬ್ಬರೇ, ಕವಿತಾ ಚೌಧರಿ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತವರು. ಆ ಮುಖ ಅಷ್ಟರಲ್ಲಾಗಲೇ ದೇಶಕ್ಕೆಲ್ಲ ಪರಿಚಿತ, ಬೇರೆ ಹೆಸರಿನಲ್ಲಿ. ಸರ್ಫ್ ಪುಡಿಯ ಜಾಹೀರಾತಿನಲ್ಲಿ ತರಕಾರಿಯವನ ಹತ್ತಿರ ಚೌಕಾಸಿ ಮಾಡುವ ಜಾಣೆ ಗೃಹಿಣಿ ಲಲಿತಾಜಿ ಇದ್ದಾಳಲ್ಲ, ಆಕೆಯೇ. ಕಲ್ಯಾಣಿ ತೆರೆಯ ಮೇಲೆ ಬಂದ ಮೊದಲ ದಿನ ನಮ್ಮಮ್ಮ, "ಅಯ್ಯೋ, ಸೋಪಿನ ಪುಡಿಯವಳು ಪೊಲೀಸ್ ಆಗ್ಬಿಟ್ಳು" ಅಂದಿದ್ದರು. ಈಗ ಯೋಚಿಸಿದರೆ ಎಂಥ ಮಾತು ಅನ್ನಿಸುತ್ತದೆ. ಮನೆಯ ಖರ್ಚು ಹಿಡಿತದಲ್ಲಿಟ್ಟ ಹೆಂಗಸನ್ನು ಮೆಚ್ಚಿದ ದೇಶ, ಅದೇ ಮುಖವನ್ನು ಜಿಲ್ಲೆಯ ಕಾನೂನು ಹಿಡಿತದಲ್ಲಿಟ್ಟವಳಾಗಿ ಒಪ್ಪಬೇಕಾಗಿ ಬಂತು.

ಕಥೆ ಕವಿತಾ ಅವರ ಮನೆಯದೇ. ಅವರ ಅಕ್ಕ ಕಾಂಚನ್ ಚೌಧರಿ ಭಟ್ಟಾಚಾರ್ಯ 1973ರ ತಂಡದ ಐಪಿಎಸ್ ಅಧಿಕಾರಿ. ಕಿರಣ್ ಬೇಡಿ 1972ರವರು, ದೇಶದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ. ಕಾಂಚನ್ ಎರಡನೆಯವರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದ ಹುಡುಗಿ ಪೊಲೀಸ್ ಇಲಾಖೆಗೆ ಯಾಕೆ ಹೋದಳು? ಅವರ ತಂದೆ ಆಸ್ತಿ ವ್ಯಾಜ್ಯವೊಂದರಲ್ಲಿ ಸಿಕ್ಕಿಕೊಂಡು ಪೆಟ್ಟು ತಿಂದಿದ್ದರು. ದೂರು ಕೊಡಲು ಹೋದರೆ ಪೊಲೀಸರು ದಾಖಲಿಸಿಕೊಳ್ಳಲೇ ಮನಸ್ಸು ಮಾಡಲಿಲ್ಲ. ಅಲ್ಲಿಂದ ಎದ್ದ ಹಟ ಅದು.

ಇಲ್ಲಿ ಒಂದು ಗಳಿಗೆ ನಿಲ್ಲುತ್ತೇನೆ, ನನ್ನ ಮಾತೆಲ್ಲ ಇರುವುದು ಇಲ್ಲೇ. ಅದೇ ಕಾಲದಲ್ಲಿ ಕನ್ನಡದಲ್ಲೂ ಬದುಕಿದ್ದ ಅಧಿಕಾರಿಯೊಬ್ಬರ ಹೆಸರಿಟ್ಟುಕೊಂಡ ಪೊಲೀಸ್ ಕಥೆ ಬಂದಿತ್ತು. 1988ರ 'ಸಾಂಗ್ಲಿಯಾನ', ಶಂಕರ್ ನಾಗ್ ಅವರದು, ಆಮೇಲೆ 1990ರಲ್ಲಿ ಅದರ ಮುಂದಿನ ಭಾಗ. ಟೆಂಟಿನಲ್ಲಿ ಸಿಳ್ಳೆ ಹೊಡೆದು ನೋಡಿದ ಪಿಕ್ಚರ್, ಅದರ ಮೇಲೆ ನನಗೆ ಪ್ರೀತಿ ಇದೆ. ಆದರೆ ಆ ಎಸ್‌ಪಿ ಊರಿಗೆ ಬಂದಿಳಿಯುವಾಗಲೇ ಪೂರ್ತಿ ಬೆಳೆದುಬಿಟ್ಟಿದ್ದಾರೆ. ಕಲಿಯುವುದು ಏನೂ ಉಳಿದಿಲ್ಲ. ಕಲಿಯಬೇಕಾದವರು ಕಳ್ಳರು, ಅಷ್ಟೇ. ಎರಡೂವರೆ ಗಂಟೆಯಲ್ಲಿ ಹಾಡು, ಹೊಡೆದಾಟ, ವೇಷ ಬದಲಾವಣೆ ಎಲ್ಲಾ ಮುಗಿಯಬೇಕಲ್ಲ, ನಾಯಕ ಬೆಳೆಯಲು ಸಮಯ ಎಲ್ಲಿ? 'ಉಡಾನ್'ಗೆ ವಾರಗಳು ಸಿಕ್ಕವು. ಮೊದಲ ಎಷ್ಟೋ ಕಂತುಗಳಲ್ಲಿ ಕಲ್ಯಾಣಿಯ ಮೈಮೇಲೆ ಸಮವಸ್ತ್ರವೇ ಇಲ್ಲ. ಆಕೆ ಮಗಳು. ಸಂಬಂಧಿಕರೇ ಅಪ್ಪನ ಭೂಮಿ ನುಂಗುವುದನ್ನು ನೋಡುತ್ತಾಳೆ, ನ್ಯಾಯ ಕೇಳಲು ಹೋಗಿ ಬಾಗಿಲಲ್ಲಿ ಕಾಯುತ್ತಾಳೆ. ಪೊಲೀಸ್ ಧಾರಾವಾಹಿಯೊಂದು ಅಧಿಕಾರಿಯ ಕುರ್ಚಿಯಿಂದ ಶುರುವಾಗದೆ ದೂರುದಾರರ ಬೆಂಚಿನಿಂದ ಶುರುವಾದದ್ದು ನನಗೆ ತಿಳಿದ ಮಟ್ಟಿಗೆ ನಮ್ಮಲ್ಲಿ ಅದೇ ಮೊದಲು.

ಆ ಬೆಂಚಿನ ಮೇಲೆ ನಾನೂ ಕೂತಿದ್ದೇನೆ. ಒಂದು ಸಲ ನಮ್ಮ ತೋಟದ ಪಂಪ್‌ಸೆಟ್ಟಿನ ಮೋಟರ್ ಕಳುವಾಯಿತು. ಅಪ್ಪ ನನ್ನನ್ನು ಕರೆದುಕೊಂಡು ಠಾಣೆಗೆ ಹೋದರು, ಬರೆಯಲು ಬರುವವಳು ಒಬ್ಬಳು ಜೊತೆಗಿರಲಿ ಅಂತ. ಯಾವ ಠಾಣೆ ಅನ್ನುವುದು ಬೇಡ. ಗೋಡೆಗೆ ಒರಗಿಸಿದ ಉದ್ದನೆಯ ಬೆಂಚು, ಒಂದು ಕಾಲಿಗೆ ಕಲ್ಲು ಕೊಟ್ಟಿದ್ದರು. ಗಂಟೆಗಟ್ಟಲೆ ಕೂತೆವು. ಕಡೆಗೆ ಬರೆಯುವ ಮೇಜಿನ ಹಿಂದಿನವರು ತಲೆ ಎತ್ತಿದರು.

"ಏನ್ ಯಜಮಾನ್ರೇ?"

"ಮೋಟ್ರು ಕಳುವಾಯ್ತು ಸ್ವಾಮಿ."

"ಬಿಲ್ಲಿದ್ಯಾ?"

"ತಗಂಡು ಒಂಬತ್ತು ವರ್ಷ ಆಯ್ತಲ್ಲ ಸ್ವಾಮಿ..."

"ಬಿಲ್ ಹುಡುಕ್ಕೊಂಡು ನಾಳೆ ಬನ್ನಿ."

ಮಾರನೆಯ ದಿನ ಬಿಲ್ಲಿಲ್ಲದೆಯೇ ಹೋದೆವು. ಮೇಜಿನ ಹಿಂದೆ ಬೇರೆಯವರಿದ್ದರು, ವಯಸ್ಸಾದ ದಫೇದಾರರು. ಅಪ್ಪನನ್ನು ನೋಡಿ ಒಳಗಿಂದ ಒಂದು ಕುರ್ಚಿ ತಂದು ಹಾಕಿದರು. "ಕೂತ್ಕಳಿ, ಮೊದ್ಲಿಂದ ಹೇಳಿ" ಅಂದರು. ಅಪ್ಪ ಮೊದಲಿಂದಲೇ ಹೇಳಿದರು, ಅಂದರೆ ಬಾವಿ ತೋಡಿಸಿದ್ದರಿಂದ. ಆ ಮನುಷ್ಯ ನಡುವೆ ಬಾಯಿ ಹಾಕಲಿಲ್ಲ. ಕೇಳಿ, ಬರೆದು, ಓದಿ ಹೇಳಿ, ಸಹಿ ಹಾಕಿಸಿಕೊಂಡರು. ಮೋಟರ್ ಸಿಗಲಿಲ್ಲ. ಆದರೆ ಅಪ್ಪ ಸಾಯುವವರೆಗೂ, "ಆ ಸ್ಟೇಷನ್ನಲ್ಲಿ ಒಬ್ರು ದಫೇದಾರ್ರಿದ್ರು, ಏನ್ ಮನುಷ್ಯ!" ಎನ್ನುತ್ತಿದ್ದರು. ಕಳ್ಳನನ್ನು ಹಿಡಿಯದ ಪೊಲೀಸನಿಗೆ ಒಬ್ಬ ದೂರುದಾರ ಬದುಕಿಡೀ ಕೊಟ್ಟ ಪದಕ ಅದು.

ಇಲಾಖೆಯ ಪದಕಗಳನ್ನು ನಾನು ಹಗುರ ಮಾಡುತ್ತಿಲ್ಲ. ನಮ್ಮಲ್ಲಿ ಪ್ರತಿವರ್ಷ ಏಪ್ರಿಲ್ 2ರಂದು ಪೊಲೀಸ್ ಧ್ವಜ ದಿನಾಚರಣೆ ನಡೆಯುತ್ತದೆ, ಮುಖ್ಯಮಂತ್ರಿ ಪದಕ ಕೊಡುತ್ತಾರೆ. ಪದಕ ಪಡೆದ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಹೆಂಡತಿ ಮಕ್ಕಳ ಜೊತೆ ನಿಂತು ಫೋಟೋ ತೆಗೆಸಿಕೊಳ್ಳುವಾಗ ಅವರ ಮುಖ ನೋಡಬೇಕು. ಹಬ್ಬಕ್ಕೆ ರಜೆ ಸಿಗದ, ಮಗಳ ನಾಮಕರಣಕ್ಕೆ ಬಂದೋಬಸ್ತಿನ ನಡುವೆ ಓಡಿಬಂದು ಓಡಿಹೋದ ವರ್ಷಗಳಿಗೆಲ್ಲ ಅದೊಂದು ರಸೀದಿ. ಬೇಕು ಅದು. ನನ್ನ ತಕರಾರು ಟಿ.ವಿ. ಕಥೆಗಳ ಮೇಲೆ. ಹೆಚ್ಚಿನವು ಪದಕವನ್ನೂ ಬೆಳವಣಿಗೆಯನ್ನೂ ಒಂದೇ ಎಂದು ತಿಳಿದಿವೆ. ಕೊನೆಯ ಕಂತಿನಲ್ಲಿ ಪೆರೇಡ್, ಪದಕ, ಚಪ್ಪಾಳೆ, ಅಮ್ಮನ ಕಣ್ಣಲ್ಲಿ ನೀರು. ಆ ನಾಯಕ ಮೊದಲ ಕಂತಿನಲ್ಲಿ ಹೇಗಿದ್ದನೋ ಇಪ್ಪತ್ತನೆಯದರಲ್ಲೂ ಹಾಗೇ ಇರುತ್ತಾನೆ. ಬದಲಾಗಿರುವುದು ಭುಜ ಮಾತ್ರ.

ಪದಕಕ್ಕೂ ಬೆಳವಣಿಗೆಗೂ ನಡುವಿನ ಅಂತರವನ್ನು ಅಳೆದು ನೋಡಿದ ಧಾರಾವಾಹಿ ಬೇರೆ ದೇಶದ್ದು. 'ಉಡಾನ್' ಬಂದ ಆಸುಪಾಸಿನಲ್ಲೇ, 1991ರ ಏಪ್ರಿಲ್‌ನಲ್ಲಿ, ಬ್ರಿಟನ್ನಿನ ಐಟಿವಿಯಲ್ಲಿ 'ಪ್ರೈಮ್ ಸಸ್ಪೆಕ್ಟ್' ಶುರುವಾಯಿತು. ಬರೆದವರು ಲಿಂಡಾ ಲಾ ಪ್ಲಾಂಟ್, ಮುಖ್ಯ ಪಾತ್ರ ಹೆಲೆನ್ ಮಿರೆನ್ ಅವರದು. ಇದಕ್ಕೂ ಹಿನ್ನೆಲೆಯಲ್ಲಿ ನಿಜವಾದ ಒಬ್ಬ ಅಧಿಕಾರಿ ಇದ್ದರು, ಜಾಕಿ ಮಾಲ್ಟನ್. ಲಂಡನ್ನಿನ ಪೊಲೀಸಿನಲ್ಲಿ ಆಗ ಡಿಟೆಕ್ಟಿವ್ ಚೀಫ್ ಇನ್‌ಸ್ಪೆಕ್ಟರ್ ಹುದ್ದೆಗೇರಿದ್ದ ಹೆಂಗಸರು ಬೆರಳಲ್ಲಿ ಎಣಿಸುವಷ್ಟು, ಅವರಲ್ಲಿ ಒಬ್ಬರು. ಒಂದು ಕಡೆ ಅಮೃತಸರದ ಅಕ್ಕ ತಂಗಿ, ಇನ್ನೊಂದು ಕಡೆ ಲಂಡನ್ನಿನ ಅಧಿಕಾರಿ ಮತ್ತು ಲೇಖಕಿ. ಪರಸ್ಪರ ಗುರುತಿಲ್ಲದೆ, ಹೆಚ್ಚು ಕಡಿಮೆ ಒಂದೇ ಹೊತ್ತಿಗೆ ಒಂದೇ ಗೋಡೆ ಗುದ್ದುತ್ತಿದ್ದರು.

ಕಥೆ ಹೀಗೆ. ಜೇನ್ ಟೆನಿಸನ್ ಎಂಬ ಅಧಿಕಾರಿಗೆ ಹುದ್ದೆ ಇದೆ, ಕೊಲೆ ಪ್ರಕರಣದ ತನಿಖೆ ಮಾತ್ರ ಕೊಡುತ್ತಿಲ್ಲ. ತನಿಖೆ ನಡೆಸುತ್ತಿದ್ದ ಅಧಿಕಾರಿ ಹೃದಯಾಘಾತವಾಗಿ ಸತ್ತಾಗ ಆಕೆ ಮೇಲಿನವರ ಬಾಗಿಲಿಗೆ ಹೋಗಿ ನನಗೆ ಕೊಡಿ ಎಂದು ಕೇಳುತ್ತಾಳೆ. ಒಲ್ಲದ ಮನಸ್ಸಿನಿಂದ ಕೊಡುತ್ತಾರೆ. ಸತ್ತವನ ಗೆಳೆಯ ಸಾರ್ಜೆಂಟ್ ಬಿಲ್ ಓಟ್ಲಿ ಹೆಜ್ಜೆ ಹೆಜ್ಜೆಗೂ ಕಾಲು ಕೊಡುತ್ತಾನೆ. ಟೆನಿಸನ್ ಬಂದವಳೇ ಮೊದಲು ಕಂಡುಹಿಡಿಯುವುದು ಕೊಲೆಗಾರನನ್ನಲ್ಲ. ಕೊಲೆಯಾದವಳು ಯಾರು ಎಂಬುದನ್ನೇ ಹಿಂದಿನ ಅಧಿಕಾರಿ ತಪ್ಪಾಗಿ ಗುರುತಿಸಿದ್ದಾನೆ ಎಂಬುದನ್ನು. ಇಲಾಖೆ ತನ್ನನ್ನು ಗುರುತಿಸಲಿ ಎಂದು ಕಾದಿರುವ ಹೆಂಗಸು, ಇಲಾಖೆ ಗುರುತಿಸದೆ ಬಿಟ್ಟ ಇನ್ನೊಬ್ಬ ಹೆಂಗಸಿಗೆ ಮೊದಲು ಅವಳ ಹೆಸರನ್ನು ವಾಪಸು ಕೊಡುತ್ತಾಳೆ. ಲಾ ಪ್ಲಾಂಟ್ ಇದನ್ನು ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹೇಳದೇ ಇದ್ದದ್ದೇ ವಾಸಿ.

ಕರೆಯುವ ಮಾತಿನ ಬಗ್ಗೆಯೂ ಅಲ್ಲೊಂದು ಜಗ್ಗಾಟ ಇದೆ. 'ಮ್ಯಾಡಂ' ಎಂಬ ಅರ್ಥದ ಅವರ ಮಾತು ಟೆನಿಸನ್‌ಗೆ ಬೇಡ. ಗಂಡಸು ಅಧಿಕಾರಿಯನ್ನು ಕರೆಯುವ ಹಾಗೆ 'ಗವ್' ಅನ್ನಿ, ಇಲ್ಲ 'ಬಾಸ್' ಅನ್ನಿ ಅನ್ನುತ್ತಾಳೆ. ನಮ್ಮಲ್ಲೂ ಈ ಗೊಂದಲ ಇದೆ. ಲೇಡಿ ಎಸ್ಐ ಎದುರು ನಿಂತ ಪೇದೆ ಅಭ್ಯಾಸ ಬಲದಿಂದ "ಸಾರ್" ಎಂದುಬಿಟ್ಟು ನಾಲಿಗೆ ಕಚ್ಚಿಕೊಳ್ಳುವುದನ್ನು ನಾನೇ ನೋಡಿದ್ದೇನೆ. ಆಕೆ ನಕ್ಕು ಸುಮ್ಮನಾದರು. ಸೆಲ್ಯೂಟ್ ಹುದ್ದೆಗೆ ಬೀಳುತ್ತದೆ, ಅದಕ್ಕೆ ಮನಸ್ಸು ಬೇಕಿಲ್ಲ, ಹಿಮ್ಮಡಿ ಇದ್ದರೆ ಸಾಕು. ಕರೆಯುವ ಮಾತು ಬದಲಾಗಲು ಮಾತ್ರ ಒಳಗೆ ಏನಾದರೂ ಬದಲಾಗಿರಬೇಕು. ಆ ತಂಡದವರ ಬಾಯಲ್ಲಿ ಮಾತು ಮೆಲ್ಲನೆ ಬದಲಾಗುವುದನ್ನು ಕೇಳುವುದೇ ಮೊದಲ ಕಥೆಯ ದೊಡ್ಡ ಸುಖ.

ಇಷ್ಟಕ್ಕೇ ನಿಂತಿದ್ದರೆ ಅದೂ ಗೆಲುವಿನ ಕಥೆಯಾಗುತ್ತಿತ್ತು. ಆದರೆ ಧಾರಾವಾಹಿ 2006ರವರೆಗೆ, ಬಿಟ್ಟು ಬಿಟ್ಟು ಏಳು ಸರಣಿಗಳಾಗಿ, ನಡೆಯಿತು. ಶುರುವಾದಾಗ ಹೆಲೆನ್ ಮಿರೆನ್‌ಗೆ 45 ವರ್ಷ, ಮುಗಿದಾಗ 61. ಆ ಪಾತ್ರಕ್ಕೆ ವಯಸ್ಸಾದದ್ದು ಬಣ್ಣ ಹಚ್ಚಿಕೊಂಡಲ್ಲ, ಜೊತೆಜೊತೆಗೆ ನಿಜವಾಗಿಯೇ ವಯಸ್ಸಾಗಿ. ನಡುವೆ ಆಕೆ ಸೂಪರಿಂಟೆಂಡೆಂಟ್ ಆದಳು. ಆ ಹೊತ್ತಿಗೆ ಮನೆ ಸಣ್ಣದಾಗುತ್ತಾ ಬಂತು. ಮೊದಲ ಕಥೆಯಲ್ಲೇ ಜೊತೆಗಿದ್ದ ಗಂಡಸು ಬಿಟ್ಟುಹೋಗುತ್ತಾನೆ. ಆಮೇಲೆ ಬಂದವರೂ ನಿಲ್ಲುವುದಿಲ್ಲ. ಕೊನೆಯ ಕಥೆಗೆ ಬರುವಾಗ ಆಕೆಗೆ ನಿವೃತ್ತಿ ಹತ್ತಿರ, ತಂದೆ ಸಾವಿನ ಹಾಸಿಗೆಯಲ್ಲಿ, ಕೈಯಲ್ಲಿ ಲೋಟ. ಕುಡಿತ ಹಿಡಿದಿದೆ.

ಪಾತ್ರ ಹುಟ್ಟಿಸಿದ ಲಾ ಪ್ಲಾಂಟ್‌ಗೆ ಈ ಕೊನೆ ಹಿಡಿಸಲಿಲ್ಲ. ಆ ಹೊತ್ತಿಗೆ ಬರೆಯುತ್ತಿದ್ದವರು ಬೇರೆಯವರು. ತನ್ನ ಟೆನಿಸನ್ನನ್ನು ಕುಡುಕಿಯಾಗಿ ಮಾಡಿದ್ದು ಸರಿಯಲ್ಲ ಎಂದು ಅವರು ಬಹಿರಂಗವಾಗಿಯೇ ಹೇಳಿದರು. ನನಗೂ ಅರ್ಧ ಹಾಗೇ ಅನ್ನಿಸುತ್ತದೆ. ಮೇಲೇರಿದ ಗಂಡಸಿನ ಕಥೆಯ ಕೊನೆಯಲ್ಲಿ ತೋಟ, ನಾಯಿ, ಮೊಮ್ಮಕ್ಕಳು ಇರುತ್ತಾರೆ. ಮೇಲೇರಿದ ಹೆಂಗಸಿಗೆ ಮಾತ್ರ ಖಾಲಿ ಮನೆ ಯಾಕೆ? ಕಥೆ ಬರೆಯುವವರು ಅವಳಿಂದ ದಂಡ ವಸೂಲಿ ಮಾಡುತ್ತಿದ್ದಾರೇನೋ ಅನ್ನಿಸುವಷ್ಟು ಸಲ ಇದನ್ನು ನೋಡಿಯಾಗಿದೆ.

ಉಳಿದರ್ಧ ಮನಸ್ಸು ಒಂದು ದೃಶ್ಯಕ್ಕಾಗಿ ಆ ಕಥೆಯನ್ನು ಕ್ಷಮಿಸುತ್ತದೆ. ಕುಡಿತ ಬಿಡಬೇಕೆಂದವರು ಸೇರುವ ಸಭೆಯೊಂದಕ್ಕೆ ಟೆನಿಸನ್ ಹೋಗುತ್ತಾಳೆ. ಸಾಲಾಗಿ ಹಾಕಿದ ಸಾದಾ ಕುರ್ಚಿಗಳು. ಅಲ್ಲಿ ಹುದ್ದೆ ಹೇಳುವಂತಿಲ್ಲ, ಹೆಸರು ಮಾತ್ರ. ಆ ಜನರ ನಡುವೆ ಹಳೆಯ ಸಾರ್ಜೆಂಟ್ ಓಟ್ಲಿ ಕೂತಿದ್ದಾನೆ. ಹದಿನೈದು ವರ್ಷದ ಹಿಂದೆ ಆಕೆಯ ದಾರಿಗೆ ಮುಳ್ಳು ಹಾಕಿದವನು. ಅವನೂ ಅದೇ ಕಾಯಿಲೆಯವನು. ಅವನು ಆಕೆಯ ಕ್ಷಮೆ ಕೇಳುತ್ತಾನೆ. ಆಕೆ ಯಾವ ಮನ್ನಣೆಗಾಗಿ ಠಾಣೆಯಲ್ಲಿ ಹಲ್ಲು ಕಚ್ಚಿ ದುಡಿದಳೋ ಅದು ಠಾಣೆಯಲ್ಲಿ ಸಿಗಲಿಲ್ಲ. ಇಬ್ಬರ ಭುಜದ ಮೇಲೂ ಏನೂ ಇಲ್ಲದ ಕೋಣೆಯಲ್ಲಿ ಸಿಕ್ಕಿತು. ಅದೇ ಕಥೆಯಲ್ಲಿ ಓಟ್ಲಿ ಸಾಯುತ್ತಾನೆ. ಇಲಾಖೆಯವರು ಆಕೆಗೆ ಬೀಳ್ಕೊಡುಗೆಯ ಪಾರ್ಟಿ ಇಟ್ಟುಕೊಂಡಿದ್ದಾರೆ. ಆಕೆ ಆ ಗದ್ದಲದೊಳಕ್ಕೆ ಕಾಲಿಡದೆ ಒಬ್ಬಳೇ ಹೊರಗೆ ನಡೆದುಹೋಗುತ್ತಾಳೆ. ಹಾರ, ಶಾಲು, ಭಾಷಣ ಯಾವುದೂ ಇಲ್ಲ. ಆ ಹೆಜ್ಜೆಯಲ್ಲಿ ಸೋಲು ಕಂಡವರಿದ್ದಾರೆ. ನನಗೆ ಕಂಡದ್ದು ಬೇರೆ. ಚಪ್ಪಾಳೆ ಇಲ್ಲದೆಯೂ ನಡೆಯಬಲ್ಲಳು ಈಗ, ಅಷ್ಟು ಬೆಳೆದಿದ್ದಾಳೆ.

ಹೊರಗಿನ ಮನ್ನಣೆಗೆ ಕೊರತೆ ಇರಲಿಲ್ಲ ಬಿಡಿ. ಈ ಪಾತ್ರಕ್ಕೆ ಹೆಲೆನ್ ಮಿರೆನ್‌ಗೆ ಎರಡು ಎಮ್ಮಿ ಪ್ರಶಸ್ತಿ ಬಂದವು, ಎರಡನೆಯದು ಇದೇ ಕೊನೆಯ ಕಥೆಗೆ, 2007ರಲ್ಲಿ.

ನಮ್ಮ ಈಚಿನ ಸರಣಿಗಳಲ್ಲಿ 'ಡೆಲ್ಲಿ ಕ್ರೈಂ' ಬಗ್ಗೆ ಒಂದೇ ಮಾತು. 2019ರಲ್ಲಿ ಬಂತು, ಮರುವರ್ಷ ಅಂತರರಾಷ್ಟ್ರೀಯ ಎಮ್ಮಿಯಲ್ಲಿ ಶ್ರೇಷ್ಠ ಧಾರಾವಾಹಿ ಪ್ರಶಸ್ತಿ ಪಡೆಯಿತು, ಭಾರತದ ಸರಣಿಯೊಂದಕ್ಕೆ ಅದು ಮೊದಲ ಸಲ. ಶೆಫಾಲಿ ಶಾ ಅವರ ಡಿಸಿಪಿ ವರ್ತಿಕಾ ಪಾತ್ರವನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಬೇಕಾದ್ದೇ. ನನ್ನ ಕಣ್ಣು ಹೋದದ್ದು ಆಕೆಯ ಕೈಕೆಳಗೆ ತರಬೇತಿಗೆ ಬಂದ ನೀತಿ ಸಿಂಗ್ ಮೇಲೆ, ರಸಿಕಾ ದುಗಲ್ ಮಾಡಿದ ಪಾತ್ರ. ಎಳೆಯ ಹುಡುಗಿ, ಪ್ರೊಬೇಷನರ್. ಆಕೆಗೆ ಸಿಕ್ಕ ಕೆಲಸ, ತನಿಖೆಯಾಗುತ್ತಿರುವ ಪ್ರಕರಣದಲ್ಲಿ ಗಾಯಗೊಂಡ ಹುಡುಗಿಯ ಜೊತೆಗಿರುವುದು, ಹೆತ್ತವರ ಜೊತೆ ಮಾತಾಡುವುದು. ಅಂಥ ಕೆಲಸಕ್ಕೆ ಯಾವ ಪೆರೇಡ್ ಮೈದಾನದಲ್ಲೂ ಪದಕ ಇಲ್ಲ. ಆಕೆ ಪೊಲೀಸ್ ಆದದ್ದು ಅಲ್ಲಿ, ಆಸ್ಪತ್ರೆಯಲ್ಲಿ.

ಕಲ್ಯಾಣಿಯ ಬಳಿಗೆ ವಾಪಸು ಬರುತ್ತೇನೆ. 'ಉಡಾನ್' ಟೆನಿಸನ್ ಕಥೆಯಷ್ಟು ಕಹಿಯಲ್ಲ. ಅದಕ್ಕೆ ಆಶೆ ಜಾಸ್ತಿ. ಕೆಲವು ಕಡೆ ಪಾಠ ಹೇಳುತ್ತದೆ. ಶೇಖರ್ ಕಪೂರ್ ಮಾಡಿದ ಜಿಲ್ಲಾ ಮ್ಯಾಜಿಸ್ಟ್ರೇಟ್ ಅಷ್ಟು ಒಳ್ಳೆಯವನಿರುವುದು ಈಗ ನೋಡಿದರೆ ಕಥೆಯ ಅನುಕೂಲಕ್ಕೆ ಅನ್ನಿಸುತ್ತದೆ. ಆದರೂ ಅದು ಒಂದು ವಿಷಯದಲ್ಲಿ ಪಟ್ಟು ಬಿಡುವುದಿಲ್ಲ. ಅಧಿಕಾರಿಯಾದ ಕಲ್ಯಾಣಿ ದೂರು ತಂದವರ ಮುಂದೆ ಕೂತಾಗ, ಹಿಂದೊಮ್ಮೆ ಅಪ್ಪನಿಗಾಗಿ ಬಾಗಿಲಲ್ಲಿ ನಿಂತ ಹುಡುಗಿ ಆಕೆಯ ಕಣ್ಣಲ್ಲಿ ಇರುತ್ತಾಳೆ. ಬೆಳೆಯುವುದು ಎಂದರೆ ಮೊದಲಿದ್ದದ್ದನ್ನು ಕಳಚಿ ಎಸೆಯುವುದು ಎಂದು ಎಷ್ಟೋ ಕಥೆಗಳು ನಂಬಿವೆ. ಕವಿತಾ ಚೌಧರಿ ನಂಬಲಿಲ್ಲ.

ಟೀಚರಮ್ಮ ಆ ದಿನಗಳಲ್ಲಿ ಅನುವಾದ ಮಾಡುತ್ತಾ ಮಾಡುತ್ತಾ ಒಂದು ಸಲ ಸುಮ್ಮನಾಗಿಬಿಟ್ಟರು. ನಾವೆಲ್ಲ, "ಏನಂದ್ಳು, ಏನಂದ್ಳು?" ಅಂತ ಕೇಳಿದೆವು. "ಏನೂ ಅನ್ಲಿಲ್ಲ ಕಣ್ರೇ, ಅವಳಪ್ಪ ಅವಳನ್ನ ನೋಡ್ತಿದಾರೆ, ಅಷ್ಟೇ" ಅಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಅವರು ಓದಬೇಕೆಂದಾಗ ಅವರ ಅಪ್ಪ ಹೂಂ ಅಂದಿರಲಿಲ್ಲ. ಹಿಂದಿ ಪರೀಕ್ಷೆ ಕಟ್ಟಿದ್ದು ಮದುವೆಯಾದ ಮೇಲೆ, ಅತ್ತೆಗೆ ಗೊತ್ತಾಗದ ಹಾಗೆ. ಇದು ನನಗೆ ತಿಳಿದದ್ದು ಬಹಳ ವರ್ಷದ ಮೇಲೆ.

ಅತ್ತ ನಿಜವಾದ ಅಕ್ಕನ ಕಥೆ ಧಾರಾವಾಹಿ ಮುಗಿದ ಮೇಲೂ ಮುಂದುವರಿಯಿತು. ಕಾಂಚನ್ ಅವರಿಗೆ 1997ರಲ್ಲಿ ರಾಷ್ಟ್ರಪತಿ ಪದಕ ಬಂತು. 2004ರಲ್ಲಿ ಅವರು ಉತ್ತರಾಖಂಡದ ಪೊಲೀಸ್ ಮಹಾನಿರ್ದೇಶಕರಾದರು. ದೇಶದ ಯಾವುದೇ ರಾಜ್ಯದ ಪೊಲೀಸಿಗೆ ಒಬ್ಬ ಮಹಿಳೆ ಮುಖ್ಯಸ್ಥೆಯಾದದ್ದು ಅದೇ ಮೊದಲು. ತಂಗಿ ಕಥೆ ಬರೆದಾಗ ಅಂಥ ಒಂದು ಹುದ್ದೆಯಲ್ಲಿ ಹೆಂಗಸನ್ನು ಯಾರೂ ಕಂಡಿರಲಿಲ್ಲ. ಧಾರಾವಾಹಿ ಎಲ್ಲಿ ನಿಲ್ಲಿಸಿತೋ ಅಲ್ಲಿಂದ ಮುಂದಿನ ಕಂತುಗಳನ್ನು ಅಕ್ಕ ಬದುಕಿಯೇ ತೋರಿಸಿದರು. ಅವರು 2019ರ ಆಗಸ್ಟ್‌ನಲ್ಲಿ ತೀರಿಕೊಂಡರು. ಮರುವರ್ಷದ ಲಾಕ್‌ಡೌನಿನಲ್ಲಿ ದೂರದರ್ಶನ 'ಉಡಾನ್' ಅನ್ನು ಮತ್ತೆ ಹಾಕಿತು. ಮೊಮ್ಮಕ್ಕಳ ಜೊತೆ ಕೂತು ನೋಡಿದ ಹೆಂಗಸರಲ್ಲಿ ನಾನೂ ಒಬ್ಬಳು. ಈ ಸಲ ಅನುವಾದ ನನ್ನದು. ಕವಿತಾ 2024ರ ಫೆಬ್ರವರಿಯಲ್ಲಿ, ಅಮೃತಸರದಲ್ಲಿ, ತೀರಿಕೊಂಡರು.

ನಮ್ಮ ರಾಜ್ಯದ ಮಾತು ಒಂದಿಷ್ಟು ಹೇಳಿ ಮುಗಿಸುತ್ತೇನೆ, ಸಮಯ ಆಗುತ್ತಾ ಬಂತು. ಕರ್ನಾಟಕಕ್ಕೆ ಬಂದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಜೀಜಾ ಹರಿಸಿಂಗ್, 1975ರ ತಂಡದವರು, ಚಿತ್ರಕಲಾವಿದೆಯೂ ಹೌದು. ರಾಜ್ಯ ಪೊಲೀಸಿನ ಅತಿ ಮೇಲಿನ ಕುರ್ಚಿಯಲ್ಲಿ ಮಹಿಳೆಯೊಬ್ಬರು ಕೂರಲು ಅಲ್ಲಿಂದ ನಲವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಕಾಂಚನ್ ಚೌಧರಿ ಸೇವೆಯಿಂದ ನಿವೃತ್ತರಾದದ್ದು 2007ರ ಅಕ್ಟೋಬರ್ 31ರಂದು. ಅದಾಗಿ ಹತ್ತು ವರ್ಷಕ್ಕೆ, 2017ರ ಅದೇ ಅಕ್ಟೋಬರ್ 31ರಂದು, ನೀಲಮಣಿ ರಾಜು ಕರ್ನಾಟಕದ ಮೊದಲ ಮಹಿಳಾ ಪೊಲೀಸ್ ಮಹಾನಿರ್ದೇಶಕರಾಗಿ ಅಧಿಕಾರ ವಹಿಸಿಕೊಂಡರು.